ಮಿಸರ ದೇಶದ ಹೊನ್ನೂರಮ್ಮ

ಕುರುಗೋಡು,
12–1–1951

ನಾಟಕ ಮಂಡಳಿಯ ಮಾಲೀಕರಾದ ಶ್ರೀ ಹಾಲಸಿದ್ದಪ್ಪನವರಿಗೆ,

ತಾವು ಕರೆಸಿಕೊಂಡಂತೆ ಕಳೆದ ಶನಿವಾರ ಬಳ್ಳಾರಿಗೆ ಬಂದು ಆಟವನ್ನು ನೋಡಿದೆ. ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದಕ್ಕೂ ಕೈಗೆ ನಿಂಬೆಹಣ್ಣು ಕೊಟ್ಟದ್ದಕ್ಕೂ ಕೃತಜ್ಞ. ನಾಟಕದ ಬಗ್ಗೆ ನಾನು ಏನನ್ನೂ ಬರೆಯುವುದಿಲ್ಲ. ಬರೆದರೆ ತಮಗೆ ಸಂತೋಷವಾಗಲಾರದು. ಅಂಕಗಳ ನಡುವೆ ಬಂದ ‘ಕೈರೋ ನಗರದ ಮಿಸ್ ಜುಲೇಖಾ’ ಎಂಬಾಕೆಯ ನೃತ್ಯಕ್ಕೆ ತಾವು ಪ್ರಶಂಸಾಪತ್ರವನ್ನು ಕೇಳಿದ್ದೀರಿ. ಕರಪತ್ರದಲ್ಲಿ ಅಚ್ಚು ಹಾಕಿಸಲು ಮಂಡಳಿಗಳವರು ವಕೀಲರಿಂದಲೂ ಡಾಕ್ಟರರಿಂದಲೂ ಇಂಥ ಪತ್ರಗಳನ್ನು ಬರೆಯಿಸಿಕೊಳ್ಳುವುದನ್ನು ಬಲ್ಲೆ. ಅವರಲ್ಲಿ ಕೆಲವರು ಆಟ ನೋಡದೆಯೇ ಬರೆಯುತ್ತಾರೆ. ನಾನು ನೋಡಿ ಬರೆಯುತ್ತಿದ್ದೇನೆ.

ಹೆಡ್‌ಮಾಸ್ತರನಾಗುವುದಕ್ಕೆ ಬಹಳ ಮೊದಲು, 1916ರಿಂದ ಮೂರು ವರ್ಷ, ನಾನು ಸೈನ್ಯದ ಅಂಚೆಯಲ್ಲಿ ಗುಮಾಸ್ತನಾಗಿ ಮಿಸರ ದೇಶದಲ್ಲಿದ್ದೆ. ಒಂದು ವರ್ಷ ಕೈರೋದಲ್ಲಿ, ಎರಡು ವರ್ಷ ನೈಲ್ ನದಿಯ ಮೇಲ್ಗಡೆಯ ಕೆನಾ ಎಂಬಲ್ಲಿ. ಆಮೇಲೆ ನಾಲ್ಕು ತಿಂಗಳು ಇಸ್ತಂಬುಲ್. ಆದ್ದರಿಂದ ತಮ್ಮ ಕರಪತ್ರದ ತಪ್ಪುಗಳನ್ನು ಮೊದಲು ಹೇಳಬೇಕಾಗಿದೆ. ಇಡೀ ನೃತ್ಯವನ್ನು ‘ಕೈರೋದ ಹೊಟ್ಟೆಕುಣಿತ’ ಎಂದಿದ್ದೀರಿ. ಕುಣಿಯುವುದು ಹೊಟ್ಟೆಯಲ್ಲ, ಸೊಂಟ. ಪಾದಗಳು ಒಂದು ಮಣೆಯಷ್ಟು ಜಾಗ ಬಿಟ್ಟು ಕದಲದ ಮೊದಲ ಭಾಗ ಮಾತ್ರ ಕೈರೋದ್ದು. ಕೋಲು ಹಿಡಿದ ಎರಡನೆಯ ಭಾಗ ಮೇಲ್ನಾಡಿನದು. ಆ ಸೀಮೆಯನ್ನು ಸಈದ್ ಎನ್ನುತ್ತಾರೆ. ಒಂಬತ್ತರ ಎಣಿಕೆಯ ಮೂರನೆಯ ಭಾಗ ತುರ್ಕಿಯದು, ಮಿಸರದ್ದೇ ಅಲ್ಲ. ದಯವಿಟ್ಟು ತಿದ್ದಿಸಿರಿ.

ಇನ್ನು ನರ್ತಕಿಯ ವಿಷಯ. ಕೋಲಿನ ಭಾಗದಲ್ಲಿ ಆಕೆ ಎಡ ಹಿಮ್ಮಡಿಯನ್ನು ಮಣ್ಣಿನಿಂದ ಕಿತ್ತಂತೆ ಎತ್ತಿ, ಅರ್ಧದಲ್ಲಿ ತಡೆದು, ಇಳಿಸುತ್ತಾಳೆ. ಇದನ್ನು ಕೆನಾದ ಹೊಲಗೆಲಸದ ಹೆಂಗಸರಲ್ಲಿ ಹೊರತು ಬೇರೆಲ್ಲಿಯೂ ಕಂಡಿಲ್ಲ. ನದಿಯ ಮೆಕ್ಕಲು ಮಣ್ಣಿನಲ್ಲಿ ಹುಟ್ಟಿ ನಡೆದವರಿಗಲ್ಲದೆ ಅನ್ಯರಿಗೆ ಈ ಹಿಮ್ಮಡಿ ಸಾಧ್ಯವಿಲ್ಲ. ಈಕೆ ನೈಲ್ ನದಿಯ ದಡದ ಮಗಳೆಂಬುದಕ್ಕೆ ನಾನು ಸಾಕ್ಷಿ.

ಇತಿ,
ಕೆ. ವಿರೂಪಾಕ್ಷಪ್ಪ
ನಿವೃತ್ತ ಮುಖ್ಯೋಪಾಧ್ಯಾಯ


ಬಳ್ಳಾರಿ,
22–1–1951

ವಿದ್ವನ್ಮಣಿಗಳಾದ ವಿರೂಪಾಕ್ಷಪ್ಪ ಮಾಸ್ತರರ ಸನ್ನಿಧಿಗೆ,

ತಮ್ಮ ಪತ್ರವನ್ನು ಕಣ್ಣಿಗೊತ್ತಿಕೊಂಡೆ. ಐದು ಸಾವಿರ ಕರಪತ್ರ ಅಚ್ಚಾಗಿ ಬಂದಿವೆ. ಒಂದನ್ನು ಲಗತ್ತಿಸಿದ್ದೇನೆ. ಕಾಗದದಲ್ಲಿ ಸ್ಥಳ ಸಾಲದ ಕಾರಣ ಕೆನಾ, ಸಈದ್, ತುರ್ಕಿ, ಒಂಬತ್ತರ ಎಣಿಕೆ ಮುಂತಾದ ಪಾಂಡಿತ್ಯದ ಭಾಗವನ್ನು ಬಿಡಬೇಕಾಯಿತು. ಕೊನೆಯ ವಾಕ್ಯವನ್ನು ದಪ್ಪಕ್ಷರಗಳಲ್ಲಿ ಹಾಕಿಸಿದ್ದೇನೆ. ಕೆಳಗೆ ತಮ್ಮ ಹೆಸರಿದೆ, ಪದವಿಯಿದೆ. ಜನ ಅದನ್ನು ಓದಿ ಎರಡು ಸಲ ಬರುತ್ತಿದ್ದಾರೆ. ತಾವು ಹೇಳಿದ ಮೇಲೆ ಅಲ್ಲವೆನ್ನುವವರು ಈ ಜಿಲ್ಲೆಯಲ್ಲಿ ಯಾರಿದ್ದಾರೆ?

ತಮ್ಮ ಅಭಿಮಾನದ
ಹಾಲಸಿದ್ದಪ್ಪ


ಸತ್ಯನಾರಾಯಣಪೇಟೆ, ಬಳ್ಳಾರಿ,
18–2–1951

ಪೂಜ್ಯ ಮಾಸ್ತರರಿಗೆ ದೂರದಿಂದಲೇ ನಮಸ್ಕಾರಗಳು.

ನೀವು ನನ್ನನ್ನು ಒಂದು ಸಲ ನೋಡಿದ್ದೀರಿ. ನಾನು ಕೈರೋದ ಜುಲೇಖಾ ಅಲ್ಲ. ಸಿರುಗುಪ್ಪ ತಾಲೂಕಿನ ದೇಶನೂರಿನ ಜಡೆಮ್ಮನ ಮಗಳು ಹೊನ್ನೂರಮ್ಮ. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದೆ. ಅಕ್ಷರ ದುಂಡಗಿದೆಯೆಂದು ಪಾತ್ರಗಳ ಮಾತು ನಕಲು ಮಾಡಲು ಮಂಡಳಿಗೆ ಸೇರಿಕೊಂಡೆ. ಕುಣಿತ ಆಮೇಲೆ ಬಂತು. ಎರಡು ವರ್ಷದಿಂದ ಹೊರಗೆ ಕನ್ನಡದ ಒಂದು ಮಾತನ್ನೂ ಆಡುವಂತಿಲ್ಲ.

ನಮ್ಮ ಬಿಡಾರದ ಕಿಟಕಿಗೆ ಹಲಗೆ ಬಡಿದಿದ್ದಾರೆ. ರೊಟ್ಟಿ ತಿನ್ನುವುದನ್ನು ಯಾರಾದರೂ ಕಂಡಾರೆಂದು ಮಾಲೀಕರು ನನಗೆ ಬ್ರೆಡ್ ತರಿಸುತ್ತಾರೆ. ನೆರೆಮನೆಯ ಸಾವಂತ್ರಮ್ಮ ಮತ್ತು ಶಿವಬಸಮ್ಮ ಬಂದು ಎದುರಿಗೇ ಕೂತು ನನ್ನನ್ನು ನೋಡುತ್ತಾರೆ. “ಬೆಳ್ಳಗ ಇಲ್ಲಲ್ಲಬೇ ಇಕಿ. ನಮ್ಮ ಹೊಲಕ್ಕ ಬರಾ ಹುಲುಗಮ್ಮನಂಗ ಅದಾಳ.” “ಅಲ್ಲಿ ಬಿಸಿಲು ಭಾಳಂತವ್ವ. ಮೂಗು ನೋಡು, ಮೂಗು ಪರದೇಶದ್ದ.” ನಗು ಬಂದರೂ ನಾನು ನಗಬಾರದು. ಸಂಕ್ರಾಂತಿಯ ಹೊತ್ತಿಗೆ ಜ್ವರ ಬಂದಾಗ ಡಾಕ್ಟರು ನೋವು ಎಲ್ಲಿ ಎಂದು ಕೇಳಿದರು. ಡೋಲು ಬಾರಿಸುವ ಎರ್ರಣ್ಣ ಮಾವ ನನ್ನ ಪರವಾಗಿ ಏನೋ ಅರಬ್ಬಿ ಕಟ್ಟಿ ಆಡಿ, ನಾನು ತಲೆಯಾಡಿಸಿ, ಕೊನೆಗೆ ಡಾಕ್ಟರು ಕಿವಿಗೆ ಹಾಕುವ ಔಷಧ ಕೊಟ್ಟರು. ನೋವಿದ್ದದ್ದು ಹೊಟ್ಟೆಯಲ್ಲಿ.

ಇದನ್ನೆಲ್ಲ ಸಹಿಸಿದ್ದೆ. ನಿಮ್ಮ ಕರಪತ್ರ ಬಂದ ಮೇಲೆ ಠಾಣೆಯಿಂದ ಅಧಿಕಾರಿ ಬಂದರು. ಪರದೇಶದವರು ಹೆಸರು ಬರೆಸಬೇಕಂತೆ, ಪಾಸ್‌ಪೋರ್ಟ್ ತೋರಿಸಬೇಕಂತೆ. ಮಾಲೀಕರು “ಅದು ನಾಟಕದ ಹೆಸರ್ರೀ ಸಾಹೇಬ್ರ” ಎಂದರು. “ನಾಟಕದ ಹೆಸರಿಗೆ ಹೆಡ್‌ಮಾಸ್ತರ ಯಾಕ ಸಾಕ್ಷಿ ಹಾಕ್ತಾರ?” ಎಂದು ಅಧಿಕಾರಿ ಕರಪತ್ರವನ್ನು ತಟ್ಟಿ ಕೇಳಿದರು. ಆಗ ನಾನು ಧೈರ್ಯ ಮಾಡಿ, “ಸಾಹೇಬ್ರ, ನಾನು ದೇಶನೂರಾಕಿ ಅದೀನಿ” ಎಂದೆ. ಅವರು ಬೆರಗಾಗಿ ನಕ್ಕರು. “ಎರಡ ವರ್ಷದಾಗ ಎಷ್ಟು ಚಲೋ ಕನ್ನಡ ಕಲ್ತಾಳಲೇ ಇಕಿ!”

ಮಾಸ್ತರರೇ, ಮಾಲೀಕರ ಮಾತು ಸುಳ್ಳೆಂದು ಜನರಿಗೆ ಗೊತ್ತಾಗುತ್ತಿತ್ತು. ನಿಮ್ಮ ಮಾತು ಹಾಗಲ್ಲ. ನಾನು ಪರದೇಶದವಳೆಂಬುದಕ್ಕೆ ಇರುವ ಒಂದೇ ಆಧಾರ ನಿಮ್ಮ ವಾಕ್ಯ. ಅದನ್ನು ಹಿಂತೆಗೆದುಕೊಳ್ಳಿರಿ. ಉತ್ತರವನ್ನು ಎರ್ರಣ್ಣ ಮಾವನ ಹೆಸರಿಗೆ ಬರೆಯಿರಿ.

ನಿಮ್ಮ ಮಗಳಂತಿರುವ
ಹೊನ್ನೂರಮ್ಮ


ಕುರುಗೋಡು,
1–3–1951

ಕುಮಾರಿಯವರಿಗೆ,

ಪತ್ರ ತಲುಪಿತು. ಬರೆವಣಿಗೆ ಶುದ್ಧವಾಗಿದೆ. ಮಂಡಳಿಗಳಲ್ಲಿ ಒಬ್ಬರು ಹೇಳಿ ಇನ್ನೊಬ್ಬರು ಬರೆಯುವುದುಂಟಾದ್ದರಿಂದ ಅದನ್ನು ಆಧಾರವೆಂದು ಎಣಿಸಲಾರೆ. ನಾನು ಕಣ್ಣಾರೆ ಕಂಡದ್ದನ್ನು ಬರೆದಿದ್ದೇನೆ. ಕಂಡದ್ದು ಸುಳ್ಳೆಂದು ಹೇಳುವುದಕ್ಕೆ ಮುಂಚೆ ಮೂರು ಪ್ರಶ್ನೆಗಳಿಗೆ ಉತ್ತರ ಬೇಕು. ಕೈರೋದ ಭಾಗದಲ್ಲಿ ಪಾದ ಏಕೆ ಕದಲುವುದಿಲ್ಲ? ಸಈದ್ ಸೀಮೆಯ ಕೋಲು ಯಾರದು? ಒಂಬತ್ತರ ಎಣಿಕೆಯಲ್ಲಿ ಮೈ ಎಲ್ಲಿ ಇಳಿಯಬೇಕು? ದೇಶನೂರಿನ ಹುಡುಗಿಗೆ ಇವು ತಿಳಿದಿದ್ದರೆ, ಹೇಗೆ ತಿಳಿದವು?

ಕೆ. ವಿರೂಪಾಕ್ಷಪ್ಪ


ಬಳ್ಳಾರಿ,
20–3–1951

ಪೂಜ್ಯ ಮಾಸ್ತರರಿಗೆ,

ಶಾಲೆ ಬಿಟ್ಟ ಮೇಲೆ ಪರೀಕ್ಷೆ ಬರೆಯುತ್ತೇನೆಂದು ಎಣಿಸಿರಲಿಲ್ಲ.

ನನಗೆ ಕಲಿಸಿದವರು ಎರ್ರಣ್ಣ ಮಾವ. ಬಳ್ಳಾರಿಯ ಕೌಲ್‌ಬಜಾರಿನವರು. ಹೋದ ಯುದ್ಧದಲ್ಲಿ ಸೈನ್ಯದ ಅಡಿಗೆಯವರಾಗಿ ನಾಲ್ಕು ವರ್ಷ ಮಿಸರದಲ್ಲಿದ್ದರು. ಕೈರೋದಲ್ಲಿ ಮದುವೆ ವಾದ್ಯದವರ ಬೀದಿಯಲ್ಲಿ ಕೋಣೆ ಹಿಡಿದು, ಸಂಜೆಯೆಲ್ಲ ಅವರ ಜೊತೆ ಡೋಲು ಕಲಿತರು. ಅಲ್ಲಿಯ ಮುದುಕಿಯರು ಇವರ ದಪ್ಪ ಮೈಗೆ ಶಾಲು ಬಿಗಿದು, ನಕ್ಕು ನಕ್ಕು, ಒಂದೊಂದು ಊರಿನ ಕುಣಿತವನ್ನೂ ಆಡಿಸಿ ತೋರಿಸಿದರಂತೆ. ಮಾವ ನನಗೆ ಹೇಳಿಕೊಡುವಾಗ ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡು ನಿಲ್ಲುತ್ತಾರೆ. “ಅವ್ವೀ, ಹೊಟ್ಟಿ ಕುಣಿಸಬ್ಯಾಡ. ನಂದು ತಾನ ಕುಣಿತೈತಿ, ಅದನ್ನ ನೋಡಬ್ಯಾಡ. ಸೊಂಟದಾಗ ಎಂಟು ಬರಿ, ಎಂಟು. ಕನ್ನಡದ ಎಂಟಲ್ಲಬೇ, ಇಂಗ್ಲಿಷ್ ಎಂಟು!”

ಕೈರೋದ ಪಾದ ಕದಲದಿರುವುದು ಮದುವೆಮನೆಯ ಇಕ್ಕಟ್ಟಿಗೆ. ಸುತ್ತಲೂ ನೆಂಟರು ಕೂತಿರುವಾಗ ಒಂದು ಚಾಪೆಯ ಅಗಲದಲ್ಲೇ ಎಲ್ಲವೂ ಆಗಬೇಕು. ಸಈದಿನ ಕೋಲು ಗಂಡಸರದು. ಅವರು ಅದರಲ್ಲಿ ಹೊಡೆದಾಟದ ಆಟ ಆಡುತ್ತಾರೆ. ಹೆಂಗಸು ಅದನ್ನು ಕಸಿದುಕೊಂಡು ಅವರನ್ನು ಅಣಕಿಸುತ್ತಾಳೆ. ಆದ್ದರಿಂದ ಬಿಗಿಯಾಗಿ ಹಿಡಿಯಬಾರದು. ತುರ್ಕಿಯ ಎಣಿಕೆ ಎರಡು, ಎರಡು, ಎರಡು, ಮೂರು. ಆ ಮೂರರಲ್ಲಿ ಮೈ ಇಳಿಯಬೇಕು. ಅದನ್ನು ಮಾವನಿಗೆ ಕಲಿಸಿದವಳು ತುರ್ಕಿಯ ಸ್ಮಿರ್ನಾ ಊರಿನಿಂದ ಓಡಿಬಂದು ಅಲೆಕ್ಸಾಂಡ್ರಿಯಾದಲ್ಲಿ ಹೋಟೆಲು ಇಟ್ಟಿದ್ದ ಒಬ್ಬ ಮುದುಕಿ. ಮೂರನ್ನೂ ಬೆರೆಸಬಾರದೆಂದು ಮಾವ ಎಷ್ಟೋ ಸಲ ಮಾಲೀಕರಿಗೆ ಹೇಳಿದ್ದಾರೆ.

ಇನ್ನು ಹಿಮ್ಮಡಿ. ಅದನ್ನು ಮಾವ ಕಲಿಸಲಿಲ್ಲ. “ಇದೆಲ್ಲಿಂದ ತಂದಿ?” ಎಂದು ಅವರೇ ಕೇಳಿದರು. ಹೊಳೆಯ ಕಾಲುವೆ ನೀರಿನಲ್ಲಿ ನಮ್ಮೂರಿನ ಭತ್ತದ ಗದ್ದೆಗಳು ಬೆಳೆಯುತ್ತವೆ. ಎಂಟನೆಯ ವಯಸ್ಸಿನಿಂದ ಅವ್ವನ ಜೊತೆ ನಾಟಿಗೆ ಹೋಗಿದ್ದೇನೆ. ಕೆಸರಿನಿಂದ ಕಾಲು ಕೀಳುವಾಗ ಹಿಮ್ಮಡಿ ಮೊದಲು ಬರಬೇಕು, ಅರ್ಧದಲ್ಲಿ ತಡೆಯಬೇಕು, ಇಲ್ಲದಿದ್ದರೆ ಮುಂದಿನ ಸಸಿಯ ಮೇಲೆ ಬೀಳುತ್ತೇವೆ. ನೀವು ಮಣ್ಣನ್ನು ಸರಿಯಾಗಿಯೇ ಗುರುತಿಸಿದ್ದೀರಿ. ಹೊಳೆ ಮಾತ್ರ ಬೇರೆ.

ಉತ್ತರ ಬೇಗ ಬರಲಿ. ಮಾಲೀಕರು ಪಾಸ್‌ಪೋರ್ಟ್ ಬೊಂಬಾಯಿಂದ ಬರುತ್ತಿದೆಯೆಂದು ಠಾಣೆಯಲ್ಲಿ ಹೇಳಿದ್ದಾರೆ.

ಹೊನ್ನೂರಮ್ಮ


ಕುರುಗೋಡು,
16–4–1951

ಕುಮಾರಿ ಹೊನ್ನೂರಮ್ಮನವರಿಗೆ,

ಮೂರು ಉತ್ತರಗಳೂ ಸರಿ. ನಾಲ್ಕನೆಯದು ನಾನು ಕೇಳದ ಪ್ರಶ್ನೆಗೆ ಉತ್ತರ. ಅದನ್ನು ಹಲವು ಸಲ ಓದಿದೆ. ಆ ಕರಪತ್ರ ಇಲ್ಲಿಯ ಹೋಟೆಲಿನ ಗೋಡೆಯ ಮೇಲೂ ಇದೆ. ಹಳೆಯ ವಿದ್ಯಾರ್ಥಿಗಳು ಅದನ್ನು ನನ್ನೆದುರಿಗೆ ಓದಿ ಹೆಮ್ಮೆಪಡುತ್ತಾರೆ. ಮೂವತ್ತು ವರ್ಷ ಇತರರ ತಪ್ಪುಗಳ ಕೆಳಗೆ ಕೆಂಪು ಗೆರೆ ಎಳೆದವನು ನಾನು. ಸ್ವಲ್ಪ ಕಾಲಾವಕಾಶ ಕೊಡಿರಿ.

ಕೆ. ವಿ.


ಸಿರುಗುಪ್ಪ ಮೊಕ್ಕಾಂ,
8–5–1951

ಪೂಜ್ಯ ಮಾಸ್ತರರಿಗೆ,

ಕಾಲಾವಕಾಶ ನನ್ನ ಬಳಿ ಇಲ್ಲ. ಇದೇ 31ರೊಳಗೆ ಕಾಗದಗಳನ್ನು ತೋರಿಸದಿದ್ದರೆ ನನ್ನನ್ನು ಮದ್ರಾಸಿಗೆ ಕಳಿಸುತ್ತಾರೆ. ಅಲ್ಲಿಂದ ಎಲ್ಲಿಗೆಂದು ಠಾಣೆಯವರಿಗೂ ಗೊತ್ತಿಲ್ಲ.

ಮಂಡಳಿ ನಮ್ಮ ಸಿರುಗುಪ್ಪಕ್ಕೇ ಬಂದಿದೆ. ಮುಂಜಾನೆ ಒಂದು ತಾಸು ಹೆಂಗಸರು ಬಂದು ಮಿಸರದವಳನ್ನು ನೋಡಿಹೋಗಬಹುದೆಂದು ಮಾಲೀಕರು ಡಂಗುರ ಹೊಡೆಸಿದ್ದಾರೆ. ನಿನ್ನೆ ಆ ಗುಂಪಿನಲ್ಲಿ ನಮ್ಮವ್ವ ಬಂದಳು. ಜೊತೆಗೆ ನೆರೆಯ ಗಾದೆಮ್ಮ. ನಾನು ಹುಬ್ಬಳ್ಳಿಯಲ್ಲಿದ್ದೇನೆಂದು ಮಾಲೀಕರು ಅವ್ವನಿಗೆ ಹೇಳಿಸಿದ್ದರು. ಆ ಮಾಲೀಕರು ನನ್ನ ಪಕ್ಕದಲ್ಲೇ ನಿಂತಿದ್ದರು. ನನಗೆ ಮುಸುಕಿತ್ತು, ಕಣ್ಣಿಗೆ ಕಾಡಿಗೆಯಿತ್ತು.

ಗಾದೆಮ್ಮ, “ಜಡೆಮ್ಮಾ, ನಿನ್ನ ಮಗಳು ಹಿಂಗ ಎತ್ತರ ಇದ್ದಳಲ್ಲ?” ಎಂದಳು.

“ಇದ್ದಳು. ಇಕಿ ಬ್ಯಾರೆ ಬಿಡು” ಎಂದು ಅವ್ವ ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. “ನಿನಗ ನಮ್ಮ ಮಾತು ತಿಳಿಯಾದಿಲ್ಲಲ್ಲವ್ವ? ಚಲೋ ಆತು. ತಿಳಿಯಾರ ಮುಂದ ಹೇಳಾಕ ಬರಾದಿಲ್ಲ. ನನ್ನ ಮಗಳು ಹುಬ್ಬಳ್ಳ್ಯಾಗ ಅದಾಳಂತ. ಆಕಿ ಹೋದಾಗಿಂದ ಮನ್ಯಾಗ ನಾನೊಬ್ಬಾಕೀನ ಮಾತಾಡ್ತೀನಿ. ಕೆಂಪಾಕಳು ಸತ್ತಿತು. ಮ್ಯಾಗಳ ಗದ್ದಿ ಬ್ಯಾರೇರು ಮಾಡಾಕತ್ಯಾರ. ಆಕಿ ಉಣ್ತಾಳೋ ಇಲ್ಲೋ. ಇಷ್ಟ.”

ಮಾಲೀಕರು ಕೆಮ್ಮಿದರು. ಅವ್ವ ಎದ್ದು, ಸೀರೆ ಕೊಡವಿ, ತಿರುಗಿ ನೋಡದೆ ಹೋದಳು. ಗುರುತು ಸಿಕ್ಕಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಸಿಕ್ಕಿರಬಾರದೆಂದು ಅಂದುಕೊಂಡೆ. ಸಿಕ್ಕಿರಲಿ ಎಂದೂ ಅಂದುಕೊಂಡೆ.

ಮತ್ತೆ ಕೇಳುವುದಿಲ್ಲ.

ಹೊನ್ನೂರಮ್ಮ


ಸಿರುಗುಪ್ಪ,
24–5–1951

ಠಾಣೆಯ ಅಧಿಕಾರಿಗಳ ಸಮ್ಮುಖಕ್ಕೆ,

ಕೆಳಗೆ ಸಹಿ ಮಾಡಿದ ನಾನು ಕಳೆದ ಜನವರಿಯಲ್ಲಿ ಒಂದು ಪ್ರಶಂಸಾಪತ್ರವನ್ನು ಬರೆದೆ. ಅದರಲ್ಲಿ ಒಬ್ಬ ನರ್ತಕಿಯನ್ನು ನೈಲ್ ನದಿಯ ದಡದವಳೆಂದು ಸಾಕ್ಷಿ ನುಡಿದೆ. ಅದು ತಪ್ಪು. ಆಕೆ ಸಿರುಗುಪ್ಪ ತಾಲೂಕಿನ ದೇಶನೂರಿನ ಹೊನ್ನೂರಮ್ಮ. ನೃತ್ಯದ ಬಗ್ಗೆ ಬರೆದದ್ದು ಸರಿ. ಆದರೆ ನೃತ್ಯ ಎಲ್ಲಿಯದೆಂದು ಬಲ್ಲವನು ನರ್ತಕಿ ಎಲ್ಲಿಯವಳೆಂಬುದನ್ನೂ ಬಲ್ಲೆನೆಂದು ತಿಳಿದುಕೊಂಡೆ. ಆ ದುಡುಕು ಪೂರ್ತಿಯಾಗಿ ನನ್ನದು, ಆಕೆಯದಲ್ಲ.

ನಿನ್ನೆ ನಾನು ದೇಶನೂರಿಗೆ ಹೋಗಿ ಆಕೆಯ ತಾಯಿ ಜಡೆಮ್ಮನನ್ನು ಕಂಡೆ. ಮಿಸರದ ಹೆಂಗಸನ್ನು ನೋಡಲು ಬಂದಾಗ ಗುರುತು ಸಿಗಲಿಲ್ಲವೇ ಎಂದು ಕೇಳಿದೆ. ಆಕೆಯ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: “ಹಡದಾಕಿಗೆ ಗುರ್ತು ಸಿಗಂಗಿಲ್ಲೇನ್ರಿ? ಆಕಿ ಬಾಯಿ ಬಿಡಲಿಲ್ಲ. ನಾನು ಬಿಟ್ರ ಆಕಿ ಅನ್ನಕ್ಕ ಕಲ್ಲು ಬೀಳತೈತಿ ಅಂತ ಸುಮ್ಮನ ಎದ್ದು ಬಂದೆ.” ಆಕೆ ನನ್ನ ಜೊತೆಗೇ ಬಂದಿದ್ದಾಳೆ; ಈ ಪತ್ರದ ಕೆಳಗೆ ಹೆಬ್ಬೆಟ್ಟು ಒತ್ತುವಳು. ಸಿರುಗುಪ್ಪದ ಹೆಣ್ಣುಮಕ್ಕಳ ಶಾಲೆಯ ಪ್ರವೇಶ ದಾಖಲೆಯ ನಕಲನ್ನೂ ಲಗತ್ತಿಸಿದ್ದೇನೆ.

ನನ್ನ ಹಿಂದಿನ ಸಾಕ್ಷ್ಯವನ್ನು ಹಿಂತೆಗೆದುಕೊಂಡಿದ್ದೇನೆ. ಇದನ್ನು ಸಂತೆಯಲ್ಲಿ ಡಂಗುರ ಹೊಡೆಸಿ ಹೇಳಿದರೂ ನನ್ನ ಆಕ್ಷೇಪವಿಲ್ಲ.

ಕೆ. ವಿರೂಪಾಕ್ಷಪ್ಪ, ಕುರುಗೋಡು


ಕುರುಗೋಡು,
15–7–1951

ಚಿರಂಜೀವಿ ಹೊನ್ನೂರಮ್ಮನಿಗೆ ಆಶೀರ್ವಾದಗಳು.

ಠಾಣೆಯವರು ಪ್ರಕರಣವನ್ನು ಮುಗಿಸಿದರೆಂದು ತಿಳಿಯಿತು. ಮಂಡಳಿಯನ್ನು ಬಿಟ್ಟು ನೀನು ಊರು ಸೇರಿದ್ದೀಯೆಂದು ಎರ್ರಣ್ಣ ಕಾರ್ಡು ಬರೆದಿದ್ದಾನೆ. ಏಕೆ ಬಿಟ್ಟೆಯೆಂದು ಬರೆದಿಲ್ಲ. ಹಾಲಸಿದ್ದಪ್ಪನವರಿಗೆ ನನ್ನ ಮೇಲೆ ಕೋಪವಿರಬೇಕು, ಇರಲಿ. ಹೋಟೆಲಿನ ಗೋಡೆಯ ಕರಪತ್ರವನ್ನು ನಾನೇ ಕಿತ್ತೆ.

ಒಂದು ಕೋರಿಕೆ. ಅಂದು ನಾನು ನಿನ್ನ ಊರನ್ನು ಹುಡುಕುವುದರಲ್ಲಿ ನಿನ್ನ ನೃತ್ಯವನ್ನು ಸರಿಯಾಗಿ ನೋಡಲಿಲ್ಲ. ಮೂರು ಸೀಮೆಗಳ ಕುಣಿತವನ್ನು ಬೆರೆಸದೆ, ಒಂದೊಂದಾಗಿ, ಹೊನ್ನೂರಮ್ಮ ಎಂಬ ಹೆಸರಿನಿಂದಲೇ ನೀನು ಮಾಡುವುದನ್ನು ಒಮ್ಮೆ ನೋಡಬೇಕು. ಎಲ್ಲಿ, ಯಾವಾಗ ಎಂದು ಬರೆ. ಎಷ್ಟು ದೂರವಾದರೂ ಬರುತ್ತೇನೆ.

ವಿರೂಪಾಕ್ಷಪ್ಪ


ದೇಶನೂರು,
2–9–1951

ಪೂಜ್ಯ ಮಾಸ್ತರರ ಪಾದಗಳಿಗೆ,

ಉತ್ತರ ತಡವಾಯಿತು. ಬರೆಯಲು ಏನೂ ಇಲ್ಲದೆ ಅಲ್ಲ.

ನಿಮ್ಮ ಪತ್ರ ಠಾಣೆಗೆ ಹೋದ ಮೇಲೆ ಮಾಲೀಕರು ಕೂಗಾಡಲಿಲ್ಲ. “ಆತು ಬಿಡು, ನಿಂದ ಹೆಸರು ಹಾಕೂಣು” ಎಂದು ಹೊಸ ಕರಪತ್ರ ಮಾಡಿಸಿದರು: ದೇಶನೂರಿನ ಕುಮಾರಿ ಹೊನ್ನೂರಮ್ಮ. ಅದೇ ಸಿರುಗುಪ್ಪದಲ್ಲಿ, ಅದೇ ಬಟ್ಟೆಯಲ್ಲಿ, ಅದೇ ಡೋಲಿಗೆ ಕುಣಿದೆ. ಎರ್ರಣ್ಣ ಮಾವ ಹೇಳಿದಂತೆ ಮೂರನ್ನೂ ಬೇರೆ ಬೇರೆಯಾಗಿ ಮಾಡಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಕುಣಿದಿಲ್ಲ. ಹಿಂದಿನ ವಾರ ಪುರಾಣ ಕೇಳುವವರ ಹಾಗೆ ಕೂತಿದ್ದ ಜನವೇ ಈಗ ಸಿಳ್ಳೆ ಹೊಡೆದರು. “ಏ ಹೊನ್ನೂರೀ, ನಾಟಿ ಮುಗಿತೇನಬೇ?” ಎಂದು ಒಬ್ಬ ಕೂಗಿದ. ಕೋಲು ತೆಗೆದುಕೊಂಡಾಗ “ದನಾ ಕಾಯಾಕ ಹೊಂಟಳು” ಎಂದ ಇನ್ನೊಬ್ಬ. ಮರುದಿನ ನಮ್ಮೂರ ಹಿರಿಯರಾದ ಓಬಣ್ಣನವರು ನಾಲ್ಕು ಜನರನ್ನು ಕರೆದುಕೊಂಡು ಬಂದರು. ಮಿಸರದವಳ ಕುಣಿತವನ್ನು ಮೂರು ಸಲ ನೋಡಿದವರು ಅವರು. “ಪರದೇಶದಾಕಿ ಮಾಡಿದ್ರ ಅದು ಅವರ ಪದ್ಧತಿ, ತಂಗಿ. ನೀ ಮಾಡಿದ್ರ ಮರ್ಯಾದಿ ಹೋಗಾದು ನಮ್ಮೂರಿಂದು” ಎಂದು ಮೆತ್ತಗೇ ಹೇಳಿ, ಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಯಾರೂ ಬಯ್ಯಲಿಲ್ಲ.

ಮೂರು ತಿಂಗಳಾಯಿತು. ನಾಟಿಗೆ ಹೋದರೆ ಹೆಂಗಸರು ನನ್ನ ಪಕ್ಕದ ಸಾಲು ಬಿಟ್ಟು ನಿಲ್ಲುತ್ತಾರೆ. ಮಾತನಾಡಿಸುವುದಿಲ್ಲ. ಮಂಡಳಿಯಲ್ಲಿ ಕನ್ನಡ ಆಡಬಾರದೆಂಬ ಕಟ್ಟು ಇತ್ತು. ಇಲ್ಲಿ ಆಡಬಹುದು, ಕೇಳುವವರಿಲ್ಲ. ಒಂದು ದಿನ ಹಿತ್ತಲಲ್ಲಿ ನನಗೆ ಗೊತ್ತಿಲ್ಲದೆಯೇ ಸೊಂಟ ತಿರುಗಿತು. ಗಾದೆಮ್ಮ ತನ್ನ ಮೊಮ್ಮಗಳನ್ನು ಒಳಗೆ ಕರೆದು ಕದ ಹಾಕಿಕೊಂಡಳು.

ಮೊನ್ನೆ ಎರ್ರಣ್ಣ ಮಾವ ಬಂದಿದ್ದರು. ಮಂಡಳಿ ರಾಯಚೂರಿಗೆ ಹೋಗುತ್ತದೆ. ಆ ಸೀಮೆಯಲ್ಲಿ ನನ್ನನ್ನು ಯಾರೂ ಬಲ್ಲವರಿಲ್ಲ. ಮಾಲೀಕರು ಹೊಸ ಹೆಸರು ಯೋಚಿಸಿದ್ದಾರೆ, ಇಸ್ತಂಬುಲಿನದು. ಮಾವ ತಲೆ ತಗ್ಗಿಸಿಕೊಂಡೇ ಇದನ್ನು ಹೇಳಿದರು. ಒಂದು ಕರಾರು ಹಾಕಿದ್ದೇನೆ: ಆ ಹೆಸರು ಕರಪತ್ರದಲ್ಲಿದ್ದಷ್ಟು ದಿನ ತುರ್ಕಿಯ ಕುಣಿತವನ್ನು ಮಾತ್ರ ಮಾಡುತ್ತೇನೆ, ಬೆರಕೆ ಮಾಡುವುದಿಲ್ಲ. ಮಾಲೀಕರು ಒಪ್ಪಿದ್ದಾರೆ. ವ್ಯತ್ಯಾಸ ಯಾರಿಗೆ ಗೊತ್ತಾಗುತ್ತದೆ ಎಂದು ನಕ್ಕರಂತೆ.

ಅವ್ವನನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದಳು. “ಹೋಗವ್ವ. ಬಾಯಿ ಮುಚ್ಚಿಕೊಂಡಿರಾದು ಅಲ್ಲೂ ಐತಿ, ಇಲ್ಲೂ ಐತಿ. ಅಲ್ಲಿ ಕುಣಿಯಾಕರ ಬರತೈತಿ” ಎಂದಳು.

ನೀವು ಬರೆದದ್ದು, ಹಿಂತೆಗೆದುಕೊಂಡದ್ದು, ಎರಡೂ ನ್ಯಾಯವಾಗಿಯೇ ಮಾಡಿದಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಕುಣಿತದಲ್ಲಿ ಯಾವುದು ಎಲ್ಲಿಯದೆಂದು ಬಲ್ಲವರು ಈ ಸೀಮೆಯಲ್ಲಿ ಮಾವನನ್ನು ಬಿಟ್ಟರೆ ನೀವೊಬ್ಬರೇ. ನೀವು ಎದುರಿಗೆ ಕೂತಿರುವಾಗ ಕುಣಿಯಬೇಕೆಂದು ನನಗೂ ಆಸೆಯಿದೆ. ಆದರೆ ಮಾಸ್ತರರೇ, ರಾಯಚೂರಿಗೆ ಬರಬೇಡಿರಿ. ಬಂದರೆ ಕರಪತ್ರದಲ್ಲಿ ತಪ್ಪು ಕಾಣುತ್ತದೆ. ಕಂಡ ಮೇಲೆ ಸುಮ್ಮನಿರಲು ನಿಮ್ಮಿಂದ ಆಗುವುದಿಲ್ಲ.

ಸೋಮವಾರ ಹೊರಡುತ್ತೇನೆ.

ನಿಮ್ಮ
ಹೊನ್ನೂರಮ್ಮ